ಉಡಿ ಜಾಡಿಸುವ ಬೇವಿನ ಮರ

ಗೌಡನ ಹತ್ತಿ ಹೊಲದ ಬದುವಿನಲ್ಲಿ ಒಂದು ಬೇವಿನ ಮರ. ದಿನವಿಡೀ ಹತ್ತಿ ಬಿಡಿಸಿ ಸಂಜೆ ಮನೆಗೆ ಹೊರಟ ಕೇರಿಯ ಹೆಂಗಸರು ಆ ಮರದ ಕೆಳಗೆ ನಿಲ್ಲಬೇಕು. ಸೀರೆಯ ಉಡಿ ಬಿಚ್ಚಬೇಕು. ಜಾಡಿಸಬೇಕು. ಕೂಲಿಯವರ ಮೇಲೆ ಗೌಡ ನೇಮಿಸಿದ ಮುಕಾದಮ ಬಸವಂತರಾಯ ಕಲ್ಲಿನ ಮೇಲೆ ಕುಳಿತು ನೋಡುತ್ತಾನೆ. ಅನುಮಾನ ಬಂದರೆ ಕೋಲಿನ ತುದಿಯಿಂದ ನೆರಿಗೆ ಎತ್ತುತ್ತಾನೆ. ಕೈ ಹಚ್ಚುವುದಿಲ್ಲ. ಕೈ ಹಚ್ಚಿದರೆ ಮೈಲಿಗೆ ನೋಡಿ! ಕೋಲಿಗೆ ಮೈಲಿಗೆಯಿಲ್ಲ.

ಊರ ಹೆಂಗಸರು ಅದೇ ಬದುವಿನ ಮೇಲೆ, ಅದೇ ಮರದ ಪಕ್ಕದಲ್ಲಿ ಮಾತಾಡುತ್ತ ನಗುತ್ತ ಹೋಗಿಬಿಡುತ್ತಾರೆ. ಅವರನ್ನು ಯಾರೂ ನಿಲ್ಲಿಸುವುದಿಲ್ಲ. ಊರ ಹೆಣ್ಣುಮಕ್ಕಳ ಉಡಿ ಅಂದರೆ ಲಕ್ಷ್ಮಿ, ಅದರ ಮೇಲೆ ಪರಗಂಡಸಿನ ಕಣ್ಣು ಬೀಳಬಾರದಂತೆ. ಕೇರಿಯವರ ಉಡಿ ಅಂದರೆ ಕಳ್ಳರ ಚೀಲ. ಈ ಕಾನೂನು ಮಾಡಿದ ಕೈಗೆ ಹುಳ ಬೀಳಲಿ.

ನಿಜಾಮನ ರಾಜ್ಯ ಮುಗಿದು ಎರಡನೆಯ ಸುಗ್ಗಿ ಅದು. ಶಹಾಪುರದಿಂದ ಸಾಹೇಬರೊಬ್ಬರು ಬಂದು ಚಾವಡಿಯ ಕಟ್ಟೆಯ ಮೇಲೆ ನಿಂತು, ಇನ್ನು ಮೇಲೆ ಎಲ್ಲರೂ ಸರಿಸಮ ಎಂದು ಹೇಳಿ ಹೋಗಿದ್ದರು. ಆ ಮಾತನ್ನು ಕೇರಿಯವರು ದೂರ ನಿಂತೇ ಕೇಳಿದ್ದರು. ಗೌಡ ನಿಜಾಮನ ಕಾಲದ ಕೆಂಪು ಟೊಪ್ಪಿಗೆ ತೆಗೆದಿಟ್ಟು ಹೊಸ ಸರಕಾರದ ಬಿಳಿ ಟೊಪ್ಪಿಗೆ ಹಾಕಿಕೊಂಡ. ಒಳಗಿನ ತಲೆ ಅದೇ ಇತ್ತು. ಬೇವಿನ ಮರವೂ ಅದೇ ಇತ್ತು.

ಮಾನಮ್ಮ ಆ ಮರದ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹದಿನೈದೋ ಹದಿನಾರೋ ವಯಸ್ಸು, ಯಾರು ಎಣಿಸಿಟ್ಟಿದ್ದಾರೆ? ಮಾದಿಗರ ಕೇರಿಯಲ್ಲಿ ಅವಳಷ್ಟು ಬಿರುಸಾಗಿ ಹತ್ತಿ ಬಿಡಿಸುವವರು ಇರಲಿಲ್ಲ. ಎರಡೂ ಕೈ ಒಂದೇ ಸಲ ಆಡುತ್ತಿದ್ದವು. ಕಾಯಿಯ ಒಣ ಸಿಪ್ಪೆಯ ಮೊನೆ ಉಗುರಿನ ಸಂದಿಗೆ ಚುಚ್ಚಿ ಚುಚ್ಚಿ ಬೆರಳ ತುದಿಗಳು ಒಡೆದಿದ್ದವು. ರಾತ್ರಿ ರೊಟ್ಟಿಗೆ ಖಾರ ಹಚ್ಚಿಕೊಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೆಲ್ಲ ಅವಳು ಅಂಜಿದವಳಲ್ಲ. ಅಂಜಿಕೆ ಆ ಮರದ್ದು. ಅಯ್ಯಮ್ಮನನ್ನು ಕೂರಿಸಿದ್ದು ಅದರ ಬುಡದಲ್ಲೇ.

ಅಯ್ಯಮ್ಮ ಅವಳ ದೊಡ್ಡಪ್ಪನ ಮಗಳು, ತುಂಬಿದ ಬಸುರಿಯಾಗಿ ತವರಿಗೆ ಬಂದಿದ್ದಳು. ಹೋದ ಸುಗ್ಗಿಯಲ್ಲಿ, ಅಂದರೆ ಎಲ್ಲರೂ ಸರಿಸಮ ಆದ ಮೊದಲ ಸುಗ್ಗಿಯಲ್ಲಿ, ಹುಟ್ಟಲಿರುವ ಕೂಸಿನ ದಿಂಬಿಗೆಂದು ಒಂದು ಹಿಡಿ ಅರಳೆ ಉಡಿಯಲ್ಲಿ ಇಟ್ಟುಕೊಂಡಿದ್ದಳು. ಒಂದೇ ಹಿಡಿ. ಬಸವಂತರಾಯನ ಕೋಲಿಗೆ ಅದು ಸಿಕ್ಕಿತು. ತಲೆ ಬೋಳಿಸಿ ಎಂದ. ಊರ ಕ್ಷೌರಿಕ ಕೇರಿಯವರ ತಲೆ ಮುಟ್ಟುವುದಿಲ್ಲ. ಆಗ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತರಿಸಿದರು. ಕತ್ತರಿ ಯಾರ ಕೈಗೆ? ಮಾನಮ್ಮನ ಅವ್ವ ಮಲಕಮ್ಮನ ಕೈಗೆ. ನಿಮ್ಮವಳು, ನೀನೇ ಕತ್ತರಿಸು ಎಂದರು. ಇಲ್ಲದಿದ್ದರೆ ಕೇರಿಗೆ ಈ ಸುಗ್ಗಿ ಕೂಲಿಯಿಲ್ಲ ಎಂದರು. ಮಲಕಮ್ಮ ಅಳುತ್ತ ಕತ್ತರಿಸಿದಳು. ಗಂಡನ ಮನೆಯವರು ಅಯ್ಯಮ್ಮನನ್ನು ಮತ್ತೆ ಕರೆಯಲಿಲ್ಲ. ಕೂದಲು ಈಗ ಕಿವಿ ಮುಚ್ಚುವಷ್ಟು ಬಂದಿದೆ. ಆದರೂ ಅವಳು ತಲೆಯ ಮೇಲಿನ ಸೆರಗು ಬಿಡುವುದಿಲ್ಲ, ಹೊಸ್ತಿಲು ದಾಟುವುದಿಲ್ಲ.

ಇಷ್ಟು ಗೊತ್ತಿದ್ದೂ ಮಾನಮ್ಮ ಹತ್ತಿ ಕದ್ದಳು. ತನಗಾಗಿ ಅಲ್ಲ, ಶಿವಬಸಮ್ಮನಿಗಾಗಿ.

ಶಿವಬಸಮ್ಮ ಊರೊಳಗಿನ ಹುಡುಗಿ, ಕುರಿ ಸಾಕುವವರ ಮನೆಯವಳು. ಚಿಕ್ಕವರಿದ್ದಾಗ ಇಬ್ಬರೂ ಹಳ್ಳದ ದಂಡೆಯಲ್ಲಿ ಆಡು ಮೇಯಿಸಿದವರು. ಅಲ್ಲಿ ನೋಡುವವರಿರಲಿಲ್ಲ. ಒಬ್ಬರ ತಲೆಯ ಹೇನು ಒಬ್ಬರು ತೆಗೆದವರು, ಒಂದೇ ರೊಟ್ಟಿಯನ್ನು ಮುರಿದು ತಿಂದವರು. ದೊಡ್ಡವರಾದ ಮೇಲೆ ಹೊಲದಲ್ಲಿ ಪಕ್ಕ ಪಕ್ಕದ ಸಾಲು ಹಿಡಿದು ಪಿಸುಪಿಸು ಮಾತಾಡುತ್ತಿದ್ದರು. ಊರವರು ಹತ್ತಿರ ಬಂದರೆ ಗುರುತೇ ಇಲ್ಲದವರಂತೆ ದೂರ ಸರಿಯುತ್ತಿದ್ದರು. ಆ ವಿದ್ಯೆ ಇಬ್ಬರಿಗೂ ಚೆನ್ನಾಗಿ ಬರುತ್ತಿತ್ತು.

ಒಂದು ಮಧ್ಯಾಹ್ನ ಬಿಸಿಲಿಗೆ ಶಿವಬಸಮ್ಮನ ಕಣ್ಣು ಕತ್ತಲೆಗಟ್ಟಿತು. ಊರವರ ನೀರಿನ ಕೊಡ ಮೇಲಿನ ಬದುವಿನಲ್ಲಿತ್ತು. ಮಾನಮ್ಮನ ಗಡಿಗೆ ಕಾಲ ಬಳಿಯೇ ಇತ್ತು. ಹುಡುಗಿ ಹಿಂದೆ ಮುಂದೆ ನೋಡದೆ ಗಡಿಗೆ ಎತ್ತಿ ಗಟಗಟ ಕುಡಿದಳು. ಕೆಳಗಿಟ್ಟು ಬಾಯಿ ಒರೆಸಿಕೊಂಡು ತಿರುಗಿದರೆ, ಎದುರಿಗೆ ರೇಣಮ್ಮ!

ರೇಣಮ್ಮ ಅಂದರೆ ಮುಕಾದಮನ ಮಗಳು. ಅಪ್ಪ ಕಲ್ಲಿನ ಮೇಲೆ ಕೂತರೆ ಮಗಳು ಊರ ಹುಡುಗಿಯರ ನೆತ್ತಿಯ ಮೇಲೆ ಕೂರುತ್ತಿದ್ದಳು. ಹಿಂದೆ ಮುಂದೆ ನಾಲ್ಕು ಗೆಳತಿಯರು, ಅವಳು ನಕ್ಕರೆ ನಗುವವರು.

"ಏನ ಶಿವಿ, ಕೇರಿ ನೀರು ಸಿಹಿ ಅದನೇನ?" ಎಂದಳು. "ನಿಮ್ಮವ್ವಗ ಹೇಳ್ಲೇನು? ಸುರಪುರದ ಬೀಗರಿಗೆ ಹೇಳಿ ಕಳಿಸ್ಲೇನು?"

ಶಿವಬಸಮ್ಮನಿಗೆ ಸುರಪುರದ ಕಡೆ ಗಂಡು ಗೊತ್ತಾಗಿತ್ತು. ಸುದ್ದಿ ಹೊರಗೆ ಬಿದ್ದರೆ ಮದುವೆ ಮುರಿಯುತ್ತದೆ. ಮದುವೆ ಹಾಳಾಗಿ ಹೋಗಲಿ, ಮನೆಯವರನ್ನೆಲ್ಲ ಕುಲದಿಂದ ಹೊರಗಿಡುತ್ತಾರೆ. ಹುಡುಗಿ ರೇಣಮ್ಮನ ಕಾಲು ಹಿಡಿದಳು.

ರೇಣಮ್ಮನಿಗೆ ಬೇಕಾದದ್ದು ಬಳೆ. ಸಂತೆಗೆ ಬರುವ ಬಳೆಗಾರ ಅರಳೆ ತೆಗೆದುಕೊಂಡು ಬಳೆ ಇಡುತ್ತಿದ್ದ. "ಮಾನಿ ಬಿಡಿಸಿ ಇಡ್ಲಿ, ನೀ ಉಡ್ಯಾಗ ಹಾಕ್ಕೊಂಡು ತಾ. ನಿನ್ನ ಯಾರು ನೋಡ್ತಾರ? ಸಿಕ್ಕರ ಆಕಿ ಸಿಕ್ತಾಳ," ಎಂದಳು. ಗೆಳತಿಯರು ಸುತ್ತ ನಿಂತು, "ಅಂಜುಬುರಕಿ, ಅಂಜುಬುರಕಿ" ಎಂದು ಕೇಕೆ ಹೊಡೆದರು.

ಶಿವಬಸಮ್ಮ ಬಂದು ಹೇಳಿದಾಗ ಮಾನಮ್ಮ ಬೈದಳು. "ನಿನಗ ಬಾಯಾರಿದ್ರ ನನ್ನ ತಲಿ ಹೋಗಬೇಕೇನ? ಅಯ್ಯಮ್ಮಕ್ಕನ್ನ ನೋಡೀ ಇಲ್ಲ ನೀನು?"

"ನೋಡೀನಿ. ಕತ್ತರಿ ನಮ್ಮನೀದ ಇತ್ತಲ್ಲ," ಎಂದಳು ಶಿವಬಸಮ್ಮ. ಬಿಕ್ಕಿ ಬಿಕ್ಕಿ ಅತ್ತಳು. "ನಮ್ಮಪ್ಪ ನನ್ನ ಕೊಂದೇ ಹಾಕ್ತಾನ ಮಾನಿ."

ಕೊಂದು ಹಾಕುತ್ತಾನೆ ಎಂಬುದು ಸುಳ್ಳಲ್ಲ ಎಂದು ಮಾನಮ್ಮನಿಗೂ ಗೊತ್ತಿತ್ತು. ಕರುಳು ಕೇಳಲಿಲ್ಲ. ಒಪ್ಪಿಕೊಂಡಳು.

ಸಾಲಿನ ಕೊನೆಯಲ್ಲಿ ದಟ್ಟವಾಗಿ ಬೆಳೆದ ತೊಗರಿ ಗಿಡಗಳಿದ್ದವು. ಮಾನಮ್ಮ ಅವುಗಳ ಬುಡದಲ್ಲಿ ಅರಳೆ ತುರುಕಿ ಮುಂದೆ ಹೋಗುತ್ತಿದ್ದಳು. ಹಿಂದಿನಿಂದ ಬಂದ ಶಿವಬಸಮ್ಮ ಎತ್ತಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಕದಿಯುವುದಕ್ಕಿಂತ ಮುಟ್ಟುವುದೇ ದೊಡ್ಡ ತಪ್ಪು ಅಲ್ಲವೇ!

ಅಂದಿನಿಂದ ಮಾನಮ್ಮನಿಗೆ ಅನ್ನ ಸೇರಲಿಲ್ಲ. ಕೋಲು ನೆಲಕ್ಕೆ ತಾಗಿದ ಸದ್ದಾದರೆ ಮೈ ಬೆವರುತ್ತಿತ್ತು. ರಾತ್ರಿ ಮಲಗಿದವಳು ಎದ್ದು ಕೂದಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸಂಜೆ ಖಾಲಿ ಉಡಿಯನ್ನೂ ಎರಡೆರಡು ಸಲ ಜಾಡಿಸುತ್ತಿದ್ದಳು. ರೇಣಮ್ಮನ ಮೊಣಕೈವರೆಗೆ ಹಸಿರು ಬಳೆ ಬಂದವು. ಆಮೇಲೆ ಗೆಳತಿಯರಿಗೂ ಬೇಕಾದವು. ಒಂದು ಸಂತೆಗೆ ಮುಗಿಯಬೇಕಾದದ್ದು ಮುಗಿಯಲಿಲ್ಲ.

"ಇವತ್ತೊಂದ ದಿನ," ಎಂದಳು ಶಿವಬಸಮ್ಮ ಅವತ್ತು ಬೆಳಿಗ್ಗೆ. "ಸಾಕು ಅಂತ ರೇಣಿಗೆ ಹೇಳೀನಿ."

ಅವತ್ತೇ ಆಯಿತು. ಶಿವಬಸಮ್ಮ ಒಂದು ಗುಪ್ಪೆ ಎತ್ತಿಕೊಂಡು ಹೋಗಿದ್ದಳು. ಎರಡನೆಯದು ತೊಗರಿಯ ಬುಡದಲ್ಲೇ ಇತ್ತು. ಬಸವಂತರಾಯ ಕಾಲುಮಡಿಯಲು ಆ ಕಡೆ ಹೋದವನು ಅದನ್ನು ಕಂಡ.

ಕೂಗು ಹೊಲದ ತುಂಬ ಕೇಳಿಸಿತು. ಎಲ್ಲರನ್ನೂ ಬೇವಿನ ಮರದ ಕೆಳಗೆ ಕರೆದ. ಊರ ಹೆಂಗಸರು ಒಂದು ಕಡೆ ನಿಂತರು, ನೋಡಲು. ಕೇರಿಯ ಹೆಂಗಸರು ಇನ್ನೊಂದು ಕಡೆ. ಅರಳೆಯ ಗುಪ್ಪೆಯನ್ನು ನಡುವೆ ಒಗೆದ.

"ಈ ಸಾಲು ಯಾರದು?"

ಯಾರೂ ಹೇಳಬೇಕಾಗಿರಲಿಲ್ಲ. ಸಾಲು ಹಂಚುವವನು ಅವನೇ.

"ಮಾನಿ, ಮುಂದ ಬಾ."

ಮಾನಮ್ಮನ ಕಾಲು ಏಳಲಿಲ್ಲ. ಹಿಂದಿನಿಂದ ಯಾರೋ ನೂಕಿದರು. ಮುಂದೆ ಬಂದಳು. ಶಿವಬಸಮ್ಮನ ಕಡೆ ನೋಡಿದಳು. ಅವಳು ನೆಲ ನೋಡುತ್ತಿದ್ದಳು. ಉಡಿ ಉಬ್ಬಿತ್ತು. ಮೇಲೆ ಕಂಬಳಿ ಹೊದ್ದು ಮುಚ್ಚಿಕೊಂಡಿದ್ದಳು. ಒಂದು ಮಾತು ಹೇಳಿದರೆ ಸಾಕಿತ್ತು, ಮಾನಮ್ಮ ಆ ಕ್ಷಣಕ್ಕೆ ಉಳಿದುಕೊಳ್ಳುತ್ತಿದ್ದಳು. ಆ ಮಾತು ಗಂಟಲವರೆಗೆ ಬಂತು. ನುಂಗಿದಳು.

"ಉಡಿ ಬಿಚ್ಚಬೇ," ಎಂದ ಬಸವಂತರಾಯ. "ಇನ್ನೂ ಏನೇನು ಅದ ನೋಡೂಣು."

ಉಡಿಯಲ್ಲಿ ಏನೂ ಇರಲಿಲ್ಲ. ಬಿಚ್ಚಿ ಜಾಡಿಸಿದರೆ ಅರ್ಧ ಮುಗಿಯುತ್ತಿತ್ತು. ಇಲ್ರಿ ಧಣ್ಯಾರ, ನನಗ ಗೊತ್ತಿಲ್ರಿ ಎಂದು ಕಾಲಿಗೆ ಬೀಳಬಹುದಿತ್ತು. ಮಾನಮ್ಮ ಕೈಯನ್ನು ಗಂಟಿಗೆ ಒಯ್ದಳು. ಕಣ್ಣು ಮರದ ಬುಡಕ್ಕೆ ಹೋಯಿತು. ಹೋದ ಸುಗ್ಗಿಯಲ್ಲಿ ಅಲ್ಲೇ ಅಯ್ಯಮ್ಮ ಕೂತಿದ್ದಳು, ಹೊಟ್ಟೆ ಹಿಡಿದುಕೊಂಡು. ಅವಳೂ ಬಿಚ್ಚು ಎಂದಾಗ ಬಿಚ್ಚಿದ್ದಳು. ಜಾಡಿಸು ಎಂದಾಗ ಜಾಡಿಸಿದ್ದಳು. ಬಗ್ಗು ಎಂದಾಗ ಬಗ್ಗಿದ್ದಳು.

"ಬಿಚ್ಚಲ್ಲ," ಎಂದಳು ಮಾನಮ್ಮ.

ಹೇಳಿದ್ದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ದನಿ ಕೀರಲಾಗಿತ್ತು.

"ಏನಂದಿ?"

"ಬಿಚ್ಚಲ್ರಿ."

ಕೋಲು ತೋಳಿನ ಮೇಲೆ ಬಿತ್ತು. ಮಲಕಮ್ಮ ಓಡಿ ಬಂದಳು. "ಬಿಚ್ಚ ನನ್ನವ್ವ, ಏನೂ ಇಲ್ಲಲ್ಲ ಒಳಗ, ಬಿಚ್ಚಿ ತೋರಸು! ಕಾಲಿಗಿ ಬೀಳ್ತೀನ್ರಿ ಧಣ್ಯಾರ, ಸಣ್ಣಾಕಿ, ತಿಳಿವಳಿಕಿ ಇಲ್ಲ." ಮಾನಮ್ಮ ಎರಡೂ ಕೈಯಿಂದ ಉಡಿಯ ಗಂಟು ಹಿಡಿದು ನಿಂತಳು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳಿಗೆ ಗೊತ್ತಿರಲಿಲ್ಲ. ಕೈ ಬಿಡುತ್ತಿರಲಿಲ್ಲ, ಅಷ್ಟೇ.

"ಸೊಕ್ಕು ಬಂದದ. ದಿಲ್ಲಿ ಸರಕಾರದ ಸೊಕ್ಕು," ಎಂದ ಬಸವಂತರಾಯ. ಊರ ಹೆಂಗಸರ ಕಡೆ ತಿರುಗಿದ. "ಏ ಶಿವಬಸಿ, ನಿಮ್ಮ ಕುರಿಹಟ್ಟಿಗೆ ಹೋಗು. ಉಣ್ಣಿ ಕತ್ತರಿ ತಗೊಂಡ ಬಾ. ಓಡು!"

ಶಿವಬಸಮ್ಮನ ಮುಖ ಬೂದಿಯಾಯಿತು. ರೇಣಮ್ಮನನ್ನು ನೋಡಿದಳು. ರೇಣಮ್ಮ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೋಗು ಎಂದು ಹುಬ್ಬು ಹಾರಿಸಿದಳು. ಶಿವಬಸಮ್ಮ ಓಡಿದಳು. ಹಟ್ಟಿ ಹಳ್ಳದ ಆಚೆಗೇ ಇತ್ತು.

ಆಗ ಮಾನಮ್ಮನಿಗೆ ಕಾಯುವುದೊಂದೇ ಕೆಲಸ. ಅದರಂಥ ಕೆಟ್ಟ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ತೋಳು ಉರಿಯುತ್ತಿತ್ತು. ಸೀರೆ ಒದ್ದೆಯಾಗಿಬಿಟ್ಟರೆ ಏನು ಗತಿ ಎಂದು ತೊಡೆ ಬಿಗಿ ಹಿಡಿದು ನಿಂತಳು. ಶಿವಿ ಬರಬಾರದು, ಕತ್ತರಿ ಸಿಗಲಿಲ್ಲ ಎನ್ನಲಿ, ಹಳ್ಳದಲ್ಲಿ ಒಗೆದು ಬರಲಿ ಎಂದು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡಳು. ಊರ ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತರು. ಎಷ್ಟಾದರೂ ಬೇರೆಯವರ ತಲೆ.

ಶಿವಬಸಮ್ಮ ಬಂದಳು. ಕೈಯಲ್ಲಿ ಕತ್ತರಿ ಇತ್ತು.

ಮಾನಮ್ಮನ ಎದೆಯಲ್ಲಿ ಏನೋ ಪಟ್ಟನೆ ಹರಿಯಿತು. ಹೊಡೆತಕ್ಕೆ ಬಾರದ ನೀರು ಕಣ್ಣಲ್ಲಿ ಆಗ ಬಂತು. ತಂದಳಲ್ಲ, ನನ್ನ ರೊಟ್ಟಿ ತಿಂದವಳು ತಂದೇಬಿಟ್ಟಳಲ್ಲ!

"ಮಲಕಿ, ತಗೋ," ಎಂದ ಬಸವಂತರಾಯ. "ಹೋದ ವರ್ಷ ಮಾಡೀದಿ. ಕೈ ಪಳಗ್ಯಾದ."

ಮಲಕಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಒಲ್ಲೆರೀ, ಈ ಕೈ ಕಡೀರಿ ಬೇಕಾದ್ರ," ಎಂದಳು.

ಶಿವಬಸಮ್ಮ ಕತ್ತರಿಯನ್ನು ಯಾರ ಕೈಗೂ ಕೊಡಲಿಲ್ಲ. ನೆಲದ ಮೇಲಿಟ್ಟಳು. ಕಂಬಳಿ ಕೆಳಗೆ ಬಿತ್ತು. ತನ್ನ ಉಡಿಯ ಗಂಟು ಬಿಚ್ಚಿದಳು. ಅರಳೆ ಬೊಗಸೆ ಬೊಗಸೆಯಾಗಿ ಬಿತ್ತು, ಕತ್ತರಿಯ ಮೇಲೆ, ಅವಳ ಕಾಲ ಮೇಲೆ.

"ನಾ ಕದ್ದೀನಿ," ಎಂದಳು. "ಇದಿಷ್ಟೂ ನಾನೇ. ನನ್ನ ಕೂದಲ ಕತ್ತರಸ್ರಿ."

ಮಾನಮ್ಮನಿಗೆ ಆಗ ಹೊಳೆಯಿತು. ಹಟ್ಟಿಗೆ ಹೋಗಿದ್ದಳಲ್ಲ, ಅಲ್ಲೇ ಸುರಿದು ಖಾಲಿ ಉಡಿಯಲ್ಲಿ ಬರಬಹುದಿತ್ತು. ತುಂಬಿಕೊಂಡೇ ಬಂದಿದ್ದಳು.

ಬಸವಂತರಾಯ ಅರಳೆ ನೋಡಿದ. ಶಿವಬಸಮ್ಮನ ಮುಖ ನೋಡಿದ. ಆಮೇಲೆ ಬಿಳಿಚಿಕೊಂಡು ನಿಂತ ತನ್ನ ಮಗಳನ್ನೂ ಸೆರಗು ಜಾರಿ ಕಾಣುತ್ತಿದ್ದ ಅವಳ ಹೊಸ ಬಳೆಗಳನ್ನೂ ನೋಡಿದ. ಅವನೇನು ಹಸುಗೂಸೇ? ಎಲ್ಲ ತಿಳಿಯಿತು. ಗಂಟಲು ಸರಿಮಾಡಿಕೊಂಡ.

"ಮರತು ಉಳದಿರ್ತದ ಬಿಡು," ಎಂದ. "ಹುಡುಗಿ ಬುದ್ಧಿ. ಗೌಡರ ಹತ್ತಿ ಗಂಟಿನ್ಯಾಗ ಹಾಕಿ ಮನಿಗಿ ನಡಿ ತಂಗಿ."

ಇಷ್ಟೇ! ಒಂದು ಹಿಡಿಗೆ ಅಯ್ಯಮ್ಮನ ತಲೆ ಹೋಗಿತ್ತು. ಇಲ್ಲಿ ಉಡಿತುಂಬ ಅರಳೆ ಬಿದ್ದಿತ್ತು. ಇದು ಮರೆವು, ಅದು ಕಳವು. ಶಿವಬಸಮ್ಮ ಬಾಯಿ ತೆರೆದಳು, ರೇಣಮ್ಮನ ಹೆಸರು ತುಟಿಗೆ ಬಂದಿತ್ತು. ಅಷ್ಟರಲ್ಲಿ ರೇಣಮ್ಮ ಚೀರಿದಳು.

"ಈಕಿ ಮಾನಿ ಗಡಿಗ್ಯಾಗಿನ ನೀರು ಕುಡದಾಳ! ನಾ ಕಣ್ಣಾರೆ ನೋಡೀನಿ!"

ಆಗ ನೋಡಬೇಕಿತ್ತು ಊರ ಹೆಂಗಸರನ್ನು. ಕಳವಿಗೆ ಕೂತೇ ಇದ್ದವರು ನೀರಿಗೆ ಎದ್ದು ನಿಂತರು. ಅಯ್ಯಯ್ಯೋ, ಹೌದೇನ, ಕುಲ ಕೆಡಿಸಿದೆಲ್ಲ ಎಂದು ಬಾಯಿ ಬಾಯಿ ಬಡಿದುಕೊಂಡರು. ಪಕ್ಕದಲ್ಲಿದ್ದವಳು ಸೆರಗು ತಾಗೀತೆಂದು ಎಳೆದುಕೊಂಡಳು. ಶಿವಬಸಮ್ಮ ಒಬ್ಬಳೇ ಉಳಿದಳು, ಸುತ್ತ ಜಾಗ ಖಾಲಿಯಾಯಿತು. ಆ ಖಾಲಿ ಜಾಗ ಮಾನಮ್ಮನಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಅವಳ ಸುತ್ತ ಅದೇ ಇತ್ತು.

ಅಂಜಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋಗಿರಲಿಲ್ಲ, ಇತ್ತು. ಅದರ ಮೇಲೆ ಸಿಟ್ಟು ಬಂದು ಕೂತಿತು.

"ಅಯ್ಯಮ್ಮಕ್ಕನ ಉಡ್ಯಾಗೂ ಮರತು ಉಳದಿತ್ರಿ," ಎಂದಳು ಮಾನಮ್ಮ. "ಒಂದ ಹಿಡಿ ಇತ್ತು. ಕೂಸಿನ ತಲಿಗೆ ಅಂತ ಮರತಿದ್ಲು. ಆಕಿಗ್ಯಾಕ ಮನಿಗಿ ನಡಿ ತಂಗಿ ಅನ್ಲಿಲ್ಲ ನೀವು? ಆಕಿ ಹುಡುಗಿ ಅಲ್ಲೇನು? ಆಕಿ ಯಾರ ತಂಗಿನೂ ಅಲ್ಲೇನು?"

"ಬಾಯಿ ಮುಚ್ಚು! ನಿಂದಿನ್ನಾ ಮುಗದಿಲ್ಲ. ಉಡಿ ಬಿಚ್ಚು!"

ಮಾನಮ್ಮ ಉಡಿಯ ಗಂಟನ್ನು ಇನ್ನೊಂದು ಸುತ್ತು ಬಿಗಿದಳು. ಬದುವಿನಲ್ಲಿಟ್ಟಿದ್ದ ತನ್ನ ನೀರಿನ ಗಡಿಗೆ ಎತ್ತಿಕೊಂಡಳು. ಮರ ದಾಟಿ ನಡೆದಳು. ಕೋಲು ಬೆನ್ನಿಗೆ ಬಿತ್ತು. ಮುಗ್ಗರಿಸಿದಳು, ನಿಲ್ಲಲಿಲ್ಲ. ಇನ್ನೊಂದು ಬೀಳುತ್ತದೆ ಎಂದು ಬೆನ್ನಿನ ಚರ್ಮವೆಲ್ಲ ಕಣ್ಣಾಗಿ ಕಾಯುತ್ತಿತ್ತು. ಬೀಳಲಿಲ್ಲ. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅವನೇ ಅಟ್ಟಿಸಿಕೊಂಡು ಬರುತ್ತಿದ್ದಾನೆ ಅಂದುಕೊಂಡಳು. ಕೊನೆಗೆ ತಿರುಗಿದರೆ ಅವ್ವ. ಅವ್ವನ ಹಿಂದೆ ಕೇರಿಯ ಹೆಂಗಸರು. ಯಾರ ಉಡಿಯೂ ಬಿಚ್ಚಿರಲಿಲ್ಲ. ಎಲ್ಲರ ಮುಖದಲ್ಲೂ ಸಾವಿನಂಥ ಅಂಜಿಕೆ. ಆದರೂ ನಡೆಯುತ್ತಿದ್ದರು.

"ಮಾನಿ!"

ಶಿವಬಸಮ್ಮ ಓಡಿ ಬಂದು ದಾರಿಗೆ ಅಡ್ಡ ನಿಂತಳು. ಕಂಬಳಿ ಇರಲಿಲ್ಲ. ಮುಖದ ತುಂಬ ನೀರು. ಬೇವಿನ ಮರದ ಕೆಳಗಿಂದ ಊರು ಇತ್ತಲೇ ನೋಡುತ್ತಿತ್ತು.

"ಬಾಯಿ ಒಣಗ್ಯಾದ," ಎಂದಳು. "ನೀರು ಕೊಡು."

ಮಾನಮ್ಮ ಅವಳನ್ನು ನೋಡಿದಳು. ಕತ್ತರಿ ತಂದವಳು. ಉಡಿ ತುಂಬಿಕೊಂಡು ಬಂದವಳು. ಎರಡೂ ಇವಳೇ. ಅಷ್ಟು ಬೇಗ ಸಿಟ್ಟು ಇಳಿಯುವುದಿಲ್ಲ.

"ಎಲ್ಲಾರೂ ನೋಡಾಕತ್ತಾರ," ಎಂದಳು.

"ನೋಡ್ಲಿ."

ಗಡಿಗೆ ಕೊಟ್ಟಳು. ನೆಲದ ಮೇಲಿಡಲಿಲ್ಲ, ಕೈಯಿಂದ ಕೈಗೆ ಕೊಟ್ಟಳು. ಶಿವಬಸಮ್ಮ ಎತ್ತಿ ಕುಡಿದಳು. ಹಲ್ಲು ಗಡಿಗೆಯ ಬಾಯಿಗೆ ಕಟಕಟ ಬಡಿಯುತ್ತಿದ್ದವು. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಗಡಿಗೆ ವಾಪಸು ಕೊಟ್ಟು, ಅಪ್ಪ ಇರುವ ಮನೆಯ ಕಡೆಗೆ ಒಬ್ಬಳೇ ನಡೆದುಹೋದಳು. ಆ ರಾತ್ರಿ ಅವಳಿಗೆ ಏನು ಕಾದಿದೆಯೋ ಎಂದು ಮಾನಮ್ಮ ಅವಳು ಮರೆಯಾಗುವತನಕ ನೋಡುತ್ತ ನಿಂತಳು.

ಮಾನಮ್ಮ ದೊಡ್ಡಪ್ಪನ ಮನೆ ಹೊಕ್ಕಾಗ ಅಯ್ಯಮ್ಮ ಕತ್ತಲೆಯ ಮೂಲೆಯಲ್ಲಿ ಕೂಸಿಗೆ ಹಾಲೂಡುತ್ತಿದ್ದಳು. ಸುದ್ದಿ ಆಗಲೇ ಕೇರಿಗೆ ಬಂದಿತ್ತು. ಮಾನಮ್ಮ ಅವಳ ಮುಂದೆ ಕುಸಿದು ಕೂತಳು. ಬೆರಳು ಬಿಗಿದುಕೊಂಡು ಗಂಟು ಬಿಚ್ಚಲು ಬರಲಿಲ್ಲ. ಅಯ್ಯಮ್ಮನೇ ಬಗ್ಗಿ ಹಲ್ಲಿನಿಂದ ಎಳೆದು ಬಿಚ್ಚಿದಳು. ಉಡಿ ಹರಡಿ ನೋಡಿದಳು. ಒಂದು ಎಳೆ ಹತ್ತಿಯೂ ಇರಲಿಲ್ಲ.

"ಏನೂ ಇಲ್ಲಲ್ಲ!" ಎಂದಳು ಅಯ್ಯಮ್ಮ. "ಹುಚ್ಚಿ, ಇದಕ್ಕ ಹೊಡಿಸ್ಕೊಂಡೇನ? ನಾಳಿ ಕೂಲಿ ಇಲ್ಲ, ಗೌಡ ಏನು ಮಾಡ್ತಾನೋ ಗೊತ್ತಿಲ್ಲ. ಬಿಚ್ಚಿ ತೋರಿಸಿದ್ರ ಆಗ್ತಿತ್ತಲ್ಲ?"

ಮಾನಮ್ಮ ಉಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏನೂ ಇಲ್ಲಂದ್ರೂ ಯಾಕ ತೋರಿಸಬೇಕಕ್ಕ?" ಎಂದಳು.

ಅಯ್ಯಮ್ಮ ಕೂಸನ್ನು ಪಕ್ಕದಲ್ಲಿ ಮಲಗಿಸಿದಳು. ಆಮೇಲೆ ತಲೆಯ ಮೇಲಿನ ಸೆರಗು ತೆಗೆದು, ಅದರ ತುದಿಯಿಂದ ಮಾನಮ್ಮನ ಬೆನ್ನಿನ ರಕ್ತ ಒರೆಸತೊಡಗಿದಳು.